ದಾಮೋದರ ಕಾಕಾ ಕ್ರಾಸಿಂಗಿಗೆ ನಿಂತದ್ದು

ಲಿಂಗರಾಜ ಹೊಸಮನಿಯವರು ಮೂವತ್ತನಾಲ್ಕು ವರ್ಷ ಓಡಿಸಿದ ಗಾಡಿಗೆ ಸ್ಟೀರಿಂಗ್ ಇರಲಿಲ್ಲ. ಗದಗಿನಿಂದ ಬಂದು ಅಹಮದಾಬಾದಿನ ವಟ್ವಾದಲ್ಲಿ ನೆಲೆನಿಂತ ಅವರು ರೈಲ್ವೆಯಲ್ಲಿ ಎಂಜಿನ್ ಡ್ರೈವರ್, ಅದೂ ಗೂಡ್ಸ್ ಗಾಡಿಯವರು. ಗೂಡ್ಸ್ ಡ್ರೈವರಿನ ಬದುಕಿನಲ್ಲಿ ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದರೆ ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಬೇಕು, ಎದುರಿನಿಂದ ಪ್ಯಾಸೆಂಜರ್ ಬಂದರೂ ಸರಿದು ನಿಲ್ಲಬೇಕು. ಜೀವ ಇದ್ದವರು ಮೊದಲು ಹೋಗಲಿ, ಸಿಮೆಂಟಿಗೇನು ಅವಸರ ಎಂಬುದು ಆ ಲೋಕದ ನ್ಯಾಯ. ಅದು ಅವರ ಮೈಗೆ ಎಷ್ಟು ಹತ್ತಿತ್ತೆಂದರೆ, ಕನ್ನಡ ಸಂಘದ ಊಟದಲ್ಲಿ ಅವರು ಮೂರನೆಯ ಪಂಕ್ತಿಗಿಂತ ಮೊದಲು ಕೂತದ್ದನ್ನು ಕಂಡವರಿಲ್ಲ.

ಎಂಜಿನ್ನಿನಲ್ಲಿ ಡ್ರೈವರ್ ಎಚ್ಚರವಾಗಿದ್ದಾನೆ ಎಂದು ತೋರಿಸಲು ಆಗಾಗ ಒಂದು ಗುಂಡಿ ಒತ್ತುತ್ತಿರಬೇಕು, ಇಲ್ಲದಿದ್ದರೆ ಬ್ರೇಕು ತಾನೇ ಬೀಳುತ್ತದೆ. ನಿವೃತ್ತಿಯಾದ ಮೇಲೆ ಆ ಗುಂಡಿಯ ಜಾಗಕ್ಕೆ ಟಿವಿಯ ರಿಮೋಟ್ ಬಂತು. ನಿಮಿಷಕ್ಕೊಂದು ಚಾನೆಲ್. ಹದಿನೆಂಟು ದಿನ ಸಹಿಸಿದ ಹೆಂಡತಿ ರತ್ನಮ್ಮ, ಧಾರಾವಾಹಿಯ ಅತ್ತೆ ಸೊಸೆಗೆ ಕೊನೆಗೂ ಏನೆಂದಳು ಎಂಬುದು ತಿಳಿಯದೆ ಎದ್ದು ನಿಂತರು.

"ಹೊರಗ ಹೋಗಿ ಏನರೆ ಓಡಸ್ರಿ. ಮನ್ಯಾಗ ಕುಂತು ನನ್ನ ಜೀವಾ ಓಡಸಬ್ಯಾಡ್ರಿ."

ಬಡಾವಣೆಯ ಹಿರಿಯರ ಟ್ರಸ್ಟೊಂದು ಪುಕ್ಕಟೆಯಾಗಿ ಶವವಾಹನ ಓಡಿಸುತ್ತಿತ್ತು. ಊರಿಗೆ ಹೋದ ಅದರ ಡ್ರೈವರ್ ತಿರುಗಿ ಬಂದಿರಲಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಜಯಂತಿ ಭಾಯ್ (ಗುಜರಾತಿನಲ್ಲಿ ಜಯಂತಿಯರಿಗೆ ಮೀಸೆ ಇರುತ್ತದೆ) ಲಿಂಗರಾಜರಿಗೆ ಚಾವಿ ಕೊಟ್ಟರು.

ಸುದ್ದಿ ಕೇಳಿ ರತ್ನಮ್ಮ ಟಿವಿಯ ಸದ್ದು ಇಳಿಸಿದರು. "ಏನರೆ ಅಂದ್ರ ಇದಾ?" ಎಂದರು ಆಮೇಲೆ.

"ಮೊದಲೂ ಗೂಡ್ಸಾ, ಈಗೂ ಗೂಡ್ಸಾ. ಪ್ಯಾಸೆಂಜರ್ ಕಿರಿಕಿರಿ ಇಲ್ಲ."

"ಹಿತ್ತಲ ಬಾಗ್ಲಾಗ ಬಕೆಟ್ ಇಟ್ಟಿರ್ತೀನಿ. ಮೈಮ್ಯಾಲೆ ನೀರು ಹಾಕ್ಕೊಳ್ದ ಒಳಗ ಬಂದ್ರ ನೋಡ್ರಿ ಮತ್ತ."

ಸತ್ತವರಿಗೆ ದಾರಿ ಬಿಡುವ ವಿಷಯದಲ್ಲಿ ಊರು ಒಂದೇ ಥರ ಇಲ್ಲವೆಂದು ಮೊದಲ ವಾರವೇ ಅವರಿಗೆ ತಿಳಿಯಿತು. ಸ್ಕೂಟರಿನ ಹಿರಿಯರು ಪಕ್ಕಕ್ಕೆ ನಿಂತು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಆಟೋದವರು ಒಂದು ಕೈಯನ್ನು ಎದೆಗೆ ಮುಟ್ಟಿಸಿ ಇನ್ನೊಂದು ಕೈಯಿಂದ ಎಡಗಡೆ ನುಗ್ಗುತ್ತಾರೆ, ಎರಡರಲ್ಲೂ ಭಕ್ತಿ ಸಮನಾಗಿರುತ್ತದೆ. ಊರಂಚಿನ ಹೊಸ ಬಡಾವಣೆ ಬೋಪಾಲ್ ಕಡೆಯ ದೊಡ್ಡ ಕಾರಿನವರು ಹಾರ್ನ್ ಮಾಡುವುದಿಲ್ಲ, ಶವವಾಹನಕ್ಕೆ ದಾರಿ ಬಿಡುತ್ತಾರಲ್ಲ ಎಂದು ಅದರ ಬಾಲಕ್ಕೆ ಅಂಟಿಕೊಂಡು ಮೂರು ಸಿಗ್ನಲ್ ದಾಟಿ, ತಮ್ಮ ತಿರುವು ಬಂದಾಗ ಬಂಧುಬಳಗವನ್ನು ಬಿಟ್ಟು ಹೊರಟುಹೋಗುತ್ತಾರೆ.

ತೊಂದರೆ ಬಂದದ್ದು ಲಿಂಗರಾಜರ ಕಡೆಯಿಂದಲೇ. ತಿರುವು ಬಂದಲ್ಲಿ, ಗೇಟು ಕಂಡಲ್ಲಿ ಉದ್ದಕ್ಕೆ ಸೀಟಿ ಊದಿದ ಕೈ ಅದು. ಎಲ್ಲ ಊರುಗಳಲ್ಲೂ ಜನ ಶವಯಾತ್ರೆಗೆ ಹಾರ್ನ್ ಮಾಡುವುದು ತಪ್ಪು. ಇಲ್ಲಿ ಶವಯಾತ್ರೆಯೇ ಜನರಿಗೆ ಹಾರ್ನ್ ಮಾಡತೊಡಗಿತು. ಎರಡು ಕುಟುಂಬಗಳು ದೂರು ಕೊಟ್ಟವು.

"ಲಿಂಗರಾಜ್ ಭಾಯ್, ಇನ್ನೊಂದು ದೂರು ಬಂದರೆ ಚಾವಿ ವಾಪಸ್," ಎಂದರು ಜಯಂತಿ ಭಾಯ್. "ನೀವು ಒಳ್ಳೆಯವರು. ಆದರೆ ನಮ್ಮ ಗಿರಾಕಿಗಳಿಗೆ ಎರಡನೇ ಸಲ ಹೋಗುವ ಅವಕಾಶ ಇರೋದಿಲ್ಲ."

ಲಿಂಗರಾಜರು ಹಾರ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಚಾವಿ ಹೋದರೆ ಮತ್ತೆ ರಿಮೋಟ್.

ಮರುದಿನವೇ ದಾಮೋದರ ಕಾಕಾ ತೀರಿಕೊಂಡರು. ಎಂಬತ್ತೊಂದು ವರ್ಷ, ಪೈಪು ನಲ್ಲಿಗಳ ಅಂಗಡಿಯ ಯಜಮಾನರು. ಸಂಪ್ರದಾಯದಂತೆ ಮಗ ಮಹೇಶ್ ಬೆಂಕಿಯ ಮಡಕೆ ಹಿಡಿದು ತಲೆ ತಗ್ಗಿಸಿ ಮುಂದೆ ನಡೆದ. ಹಿಂದೆ ವಾಹನ, ಅದರ ಹಿಂದೆ "ರಾಮ್ ಬೋಲೋ ಭಾಯ್ ರಾಮ್" ಎನ್ನುತ್ತ ನೆಂಟರು. ಒಂದು ಹಾರ್ನೂ ಇಲ್ಲದೆ ಗಾಡಿ ನಡಿಗೆಯ ವೇಗದಲ್ಲಿ ಸಾಗಿತು.

ಮುಂದೆ ಚರಂಡಿ ಕೆಲಸಕ್ಕೆಂದು ಅರ್ಧ ರಸ್ತೆ ಅಗೆದಿದ್ದರು. ಉಳಿದ ಅರ್ಧದಲ್ಲಿ ಒಂದು ಗಾಡಿಗಷ್ಟೇ ಜಾಗ. ಅದರ ಆ ತುದಿಯಿಂದ ಮದುವೆಯ ಮೆರವಣಿಗೆ ಬರುತ್ತಿರುವುದು ಎತ್ತರದ ಸೀಟಿನಲ್ಲಿದ್ದ ಲಿಂಗರಾಜರಿಗೆ ಕಂಡಿತು. ಡಿಜೆ ಲಾರಿ, ಕುಣಿಯುವವರು, ಬಿಳಿ ಕುದುರೆಯ ಮೇಲೆ ಮದುಮಗ.

ಈ ಹೊತ್ತಿನಲ್ಲಿ ಬೇರೆ ಯಾವ ಡ್ರೈವರಾದರೂ ಸುಮ್ಮನೆ ಮುಂದೆ ಹೋಗುತ್ತಿದ್ದ. ಸಾವಿಗೆ ಎಲ್ಲರೂ ದಾರಿ ಬಿಡಬೇಕೆಂಬುದು ಕುದುರೆಗೂ ಗೊತ್ತು. ಆದರೆ ಲಿಂಗರಾಜರ ಕಣ್ಣಿಗೆ ಬಿದ್ದದ್ದು ಸಿಂಗಲ್ ಲೈನು, ಎದುರಿಗೆ ಪ್ಯಾಸೆಂಜರ್, ಎಡಗಡೆ ಒಂದು ಪೆಟ್ರೋಲ್ ಬಂಕ್. ಯೋಚನೆ ಮಾಡುವ ಮೊದಲೇ ಮೂವತ್ತನಾಲ್ಕು ವರ್ಷದ ಕೈ ಸ್ಟೀರಿಂಗ್ ತಿರುಗಿಸಿತು. ದಾಮೋದರ ಕಾಕಾ ಲೂಪ್ ಲೈನಿಗೆ ಸರಿದು, ಡೀಸೆಲ್ ಪಂಪಿನ ಎದುರು ನಿಂತರು. ನೆಂಟರೂ ಹಿಂದೆಯೇ ಬಂದರು, ವಾಹನ ಹೋದಲ್ಲಿ ಹೋಗುವುದಷ್ಟೇ ಅವರಿಗೆ ಗೊತ್ತಿತ್ತು.

ಬಂಕಿನವನು ಅಭ್ಯಾಸಬಲದಿಂದ "ಝೀರೋ ನೋಡ್ಕೊಳ್ಳಿ" ಎಂದು, ಒಳಗೆ ಮಲಗಿದವರನ್ನು ಕಂಡು ಪೈಪನ್ನು ವಾಪಸ್ ಸಿಗಿಸಿದ.

ಇದಾವುದೂ ಮಹೇಶನಿಗೆ ತಿಳಿದಿರಲಿಲ್ಲ. ಅವನು ತಲೆ ತಗ್ಗಿಸಿದವನು ಎತ್ತದೆ, ಹೊಗೆಯಾಡುವ ಮಡಕೆಯ ಸಮೇತ ಒಬ್ಬನೇ ನಡೆದು ಕುಣಿಯುವವರ ನಡುವೆ ಹೊಕ್ಕ. ಡಿಜೆ ನಿಂತಿತು. ಕುಣಿಯುತ್ತಿದ್ದವರ ಎತ್ತಿದ ಕೈಗಳು ಅಲ್ಲೇ ಮುಗಿದುಕೊಂಡವು. ಮದುಮಗನ ಸೋದರಮಾವ ಪಿಸುದನಿಯಲ್ಲಿ, "ಭಾಯ್, ತೀರಿಕೊಂಡವರು ಎಲ್ಲಿ?" ಎಂದ.

ಮಹೇಶ್ ಹಿಂತಿರುಗಿ ನೋಡಿದ. "ಇಲ್ಲೇ ಹಿಂದೆ ಇದ್ದರು."

ಆಮೇಲೆ ಮದುವೆ ಹೊರಟಿತು. ಸದ್ದಿಲ್ಲದೆ, ಒಬ್ಬೊಬ್ಬರಾಗಿ ಪೆಟ್ರೋಲ್ ಬಂಕಿನ ಕಡೆ ಕೈ ಮುಗಿಯುತ್ತ. ಮದುಮಗ ಮುಖದ ಮೇಲಿನ ಹೂವಿನ ಸರ ಸರಿಸಿ ತಲೆ ಬಾಗಿದ. ಕೊನೆಯ ಮುದುಕಿ ದಾಟುವವರೆಗೆ ಲಿಂಗರಾಜರು ಕಿಟಕಿಯಿಂದ ಕೈ ಹೊರಗೆ ಚಾಚಿ ಹಸಿರು ಬಾವುಟ ಹಿಡಿದವರಂತೆ ಕೂತಿದ್ದರು. ಒಟ್ಟು ಏಳು ನಿಮಿಷ. ಗಡಿಯಾರ ನೋಡಿದ್ದರು, ಅದೂ ಅಭ್ಯಾಸ.

"ನನ್ನ ಅಪ್ಪನನ್ನು ಪಂಪಿನಲ್ಲಿ ನಿಲ್ಲಿಸಿದಿರಲ್ಲ," ಎಂದ ಮಹೇಶ್. ಕೂಗಲಿಲ್ಲ, ಕೈಯಲ್ಲಿ ಮಡಕೆ ಇತ್ತು. "ಬೆಸಣು ಮುಗಿಯಲಿ, ಜಯಂತಿ ಭಾಯ್ ಹತ್ತಿರ ಮಾತಾಡ್ತೀನಿ."

ಬೆಸಣು ಎಂದರೆ ಪೇಪರಿನಲ್ಲಿ ಸಮಯ ಹಾಕಿಸಿ ನಾಲ್ಕರಿಂದ ಆರರವರೆಗೆ ನಡೆಸುವ ದುಃಖ. ಬಿಳಿ ಬಟ್ಟೆ ತೊಟ್ಟು ಬಂದು, ಹಾರ ಹಾಕಿದ ಫೋಟೋಗೆ ಕೈ ಮುಗಿದು, ಐದು ನಿಮಿಷ ಕೂತು ಏಳಬೇಕು. ಎರಡು ದಿನಗಳ ಮೇಲೆ ಲಿಂಗರಾಜರು ಇಸ್ತ್ರಿ ಮಾಡಿದ ಹಳೆಯ ಯೂನಿಫಾರ್ಮ್ ಅಂಗಿ ತೊಟ್ಟು, ಚಾವಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಕೇಳುವ ಮೊದಲೇ ಕೊಟ್ಟುಬಿಟ್ಟರೆ ಮರ್ಯಾದೆ ಎಂದು ರತ್ನಮ್ಮ ಹೇಳಿದ್ದರು. ಹೇಳುವಾಗ ರಿಮೋಟನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದರು.

ಅಲ್ಲಿ ಮಹೇಶ್ ಆಗಲೇ ಜಯಂತಿ ಭಾಯ್ ಕಿವಿಯಲ್ಲಿ ದೂರು ಸುರಿಯುತ್ತಿದ್ದ. ಹೆಂಗಸರ ಕಡೆಯಿಂದ ಅವನ ತಾಯಿ ಶಾರದಾ ಬಾ (ಗುಜರಾತಿಯಲ್ಲಿ ಬಾ ಎಂದರೆ ಅಮ್ಮ) ಕೈಸನ್ನೆ ಮಾಡಿ ಲಿಂಗರಾಜರನ್ನು ಕರೆದರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ, ನಡೆದದ್ದು ಅವರ ಕಿವಿಗೆ ಬಿದ್ದದ್ದು ಬೇರೆಯವರಿಂದ.

"ನಿಲ್ಲಿಸಿದವರು ನೀವೇನಾ, ಭಾಯ್?"

"ಹೌದು ಬಾ. ತಪ್ಪಾಯಿತು."

"ಎಷ್ಟು ಹೊತ್ತು ನಿಂತಿದ್ದರು?"

"ಏಳು ನಿಮಿಷ."

ಶಾರದಾ ಬಾ ಫೋಟೋದ ಕಡೆ ನೋಡಿದರು. ಫೋಟೋದಲ್ಲೂ ದಾಮೋದರ ಕಾಕಾ ಸ್ವಲ್ಪ ಮುಂದಕ್ಕೆ ಬಾಗಿದ್ದರು.

"ಐವತ್ತಾರು ವರ್ಷ ಇವರ ಸ್ಕೂಟರಿನ ಹಿಂದೆ ಕೂತಿದ್ದೇನೆ," ಎಂದರು. "ಬಸ್ಸಿಗೆ ದಾರಿ ಬಿಟ್ಟವರಲ್ಲ, ಆಂಬುಲೆನ್ಸಿಗೆ ಬಿಟ್ಟವರಲ್ಲ. ಮನೆಯ ಬಾಗಿಲಲ್ಲಿ ನನಗೂ ಬಿಟ್ಟವರಲ್ಲ. ಯಾರದೋ ಮಗನ ಮದುವೆಗೆ ಏಳು ನಿಮಿಷ ಬಿಟ್ಟರಂತೆ. ಆ ಕುಟುಂಬದವರು ನಿನ್ನೆ ಹುಡುಕಿಕೊಂಡು ಬಂದು ಈ ಫೋಟೋಗೆ ನಮಸ್ಕಾರ ಮಾಡಿ ಹೋದರು. ಇವರಿಗೆ ಕೃತಜ್ಞತೆ ಹೇಳಲು ಮನೆಗೆ ಬಂದವರನ್ನು ನಾನು ಕಂಡದ್ದು ಅದೇ ಮೊದಲು. ಮಹೇಶ್, ಅವರ ಕಿವಿ ಬಿಡು."

ಮಹೇಶ್ ಬಿಟ್ಟ. ಜಯಂತಿ ಭಾಯ್ ಮೀಸೆ ಸವರಿಕೊಂಡು, ಯಾವ ದೂರನ್ನೂ ಕೇಳದವರ ಮುಖ ಮಾಡಿದರು. ಲಿಂಗರಾಜರ ಕೈ ಜೇಬಿನಲ್ಲಿ ಚಾವಿಯ ಮೇಲೆಯೇ ಇತ್ತು, ಹೊರಗೆ ಬರಲಿಲ್ಲ.

ಐದು ನಿಮಿಷ ಮುಗಿದು ಅವರು ಎದ್ದಾಗ ಶಾರದಾ ಬಾ ಮತ್ತೆ ಕರೆದರು.

"ನನ್ನ ಸರದಿಗೂ ನೀವೇ ಬರಬೇಕು, ಭಾಯ್. ಆದರೆ ನನ್ನನ್ನು ಎಲ್ಲೂ ಪಕ್ಕಕ್ಕೆ ಹಾಕಬೇಡಿ. ನಾನು ಬೇಕಾದಷ್ಟು ನಿಂತಿದ್ದೇನೆ."

ಲಿಂಗರಾಜರು ಇನ್ನೊಂದು ಜೇಬಿನಿಂದ ಹಾರ್ನಿನ ಫ್ಯೂಸ್ ತೆಗೆದು ಅಂಗೈಯಲ್ಲಿಟ್ಟು ನೋಡಿದರು.

"ಇಲ್ಲ ಬಾ," ಎಂದರು. "ನಿಮ್ಮದು ಮೇನ್ ಲೈನು. ದಾರಿಯುದ್ದಕ್ಕೂ ಸೀಟಿ ಊದುತ್ತೇನೆ."