ಭಾವನ ಕುದುರೆಯ ಬೆನ್ನು

ಹೊಸನಗರದ ಹತ್ತಿರ ಹೋಂಸ್ಟೇ ನಡೆಸುವ ನನ್ನ ಭಾವ, ಅಂದರೆ ಅಕ್ಕನ ಗಂಡ, ರೇಸಿನಿಂದ ನಿವೃತ್ತಿಯಾದ ಹೆಣ್ಣು ಕುದುರೆಯೊಂದನ್ನು ತಂದು ಕಟ್ಟಿದರು. ಬಂದ ಅತಿಥಿಗಳನ್ನು ಅದರ ಮೇಲೆ ಕೂರಿಸಿ ಗದ್ದೆಬಯಲಲ್ಲಿ ಒಂದು ಸುತ್ತು ಹೊಡೆಸುವುದು ಅವರ ಲೆಕ್ಕಾಚಾರ. ಕುದುರೆ ಒಪ್ಪಲಿಲ್ಲ. ಬರಿಬೆನ್ನಿನಲ್ಲಿ ಹಸುವಿನಷ್ಟು ಸಾಧುವಾಗಿ ನಡೆಯುತ್ತಿದ್ದ ಪ್ರಾಣಿ, ಜೀನು ಬಿಗಿದು ಯಾರಾದರೂ ಹತ್ತಿ ಕೂತರೆ ಸಾಕು, ಬೆನ್ನು ಬಿಲ್ಲಾಗಿಸಿ ಹಿಂಗಾಲು ಎತ್ತಿ ಒಗೆಯುತ್ತಿತ್ತು. ಮೊದಲು ಬಿದ್ದವರು ಭಾವನೇ. ಅದನ್ನು ಕೇಳಿ ನನಗೆ ಸ್ವಲ್ಪ ಸಂತೋಷವೂ ಆಯಿತು, ಮುಚ್ಚಿಡುವುದಿಲ್ಲ.

ನಾನು ತೀರ್ಥಹಳ್ಳಿಯಲ್ಲಿ ಪಶುವೈದ್ಯ. ಮೂವತ್ತು ವರ್ಷ ದನ, ಎಮ್ಮೆ, ನಾಯಿ ನೋಡಿದ್ದೇನೆ. ಕುದುರೆಯನ್ನು ನೋಡಿದ್ದು ಕಾಲೇಜಿನಲ್ಲಿ, ಅದೂ ಹಿಂದಿನ ಸಾಲಿನಲ್ಲಿ ನಿಂತು. ಹಾಗಂತ ಅಕ್ಕನ ಮನೆಯಲ್ಲಿ ಒಪ್ಪಿಕೊಳ್ಳಲಾದೀತೇ? ಗಂಭೀರವಾಗಿ ಹಲ್ಲು ನೋಡಿದೆ, ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಕುತ್ತಿಗೆಯಿಂದ ಹಿಂದಕ್ಕೆ ಮಾತ್ರ ಹೋಗಲಿಲ್ಲ, ಒದೆ ಬೀಳುವ ಭಯ.

"ಇದು ರೇಸಿನ ಚಟ ಭಾವ. ಜಾಕಿ ಬಿಟ್ಟು ಬೇರೆಯವ್ರನ್ನ ಕೂರಿಸ್ಕೊಳಲ್ಲ," ಎಂದೆ.

ಡಾಕ್ಟರ ಬಾಯಿಂದ ಬಂದ ಮಾತಲ್ಲವೇ, ಎಲ್ಲರೂ ತಲೆದೂಗಿದರು.

ಮುಂದಿನ ವಾರ ಅತಿಥಿಯೊಬ್ಬರು ಬಿದ್ದು ಕೈ ಮುರಿದುಕೊಂಡರು. ಭಾವನಿಗೆ ಕುದುರೆ ಸಾಕೆನಿಸಿತು. ಆದರೂ ಕೊನೆಯದಾಗಿ ಒಮ್ಮೆ ಆಳೊಬ್ಬನನ್ನು ಹತ್ತಿಸಿ ನೋಡಿದರು. ಅವನೂ ಬಿದ್ದ.

"ಒಂದು ಸರ್ಟಿಫಿಕೇಟ್ ಬರ್ದು ಕೊಡು ಮಾರಾಯ, ಪುಂಡ ಕುದ್ರೆ, ಇಟ್ಕೊಂಡ್ರೆ ಅಪಾಯ ಅಂತ. ಸಾಗಹಾಕ್ತೀನಿ," ಎಂದರು.

ವಯಸ್ಸಾದ ಪುಂಡ ಕುದುರೆಯನ್ನು ಯಾರೂ ಸವಾರಿಗೆಂದು ಕೊಂಡೊಯ್ಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಬರೆದೆ. ಮೊಹರನ್ನೂ ಒತ್ತಿದೆ.

ಕುದುರೆಯನ್ನು ಒಯ್ಯಲು ಲಾರಿ ಬರುವ ದಿನ ಬೆಳಿಗ್ಗೆ ನಾನು ಹೋದಾಗ ಅಕ್ಕ ಕುದುರೆಯ ಮೈ ಉಜ್ಜುತ್ತಿದ್ದಳು. ದಿನವೂ ಅದನ್ನು ಮುಟ್ಟುತ್ತಿದ್ದವಳು ಅವಳೊಬ್ಬಳೇ. ಅವಳನ್ನು ಮಾತ್ರ ನಾವ್ಯಾರೂ ಒಂದು ಮಾತು ಕೇಳಿರಲಿಲ್ಲ.

"ಜೀನು ಕೂರೋ ಜಾಗಕ್ಕೆ ಕೈ ತಾಗಿದ್ರೆ ನಡುಗ್ತದೆ ಕಣೋ. ನೀನು ನೋಡ್ಲಿಲ್ವಾ?"

"ನೋಡಿದೀನಿ," ಎಂದು ಸುಳ್ಳು ಹೇಳಿ ಕೈ ಇಟ್ಟೆ. ಬೆರಳು ಒತ್ತುತ್ತಲೇ ಕುದುರೆ ಬೆನ್ನು ಕುಗ್ಗಿಸಿತು. ಕೂದಲಿನಡಿ ಅಡಿಕೆ ಗಾತ್ರದ ಮೂರು ಬಾವು.

ಜೀನನ್ನು ತರಿಸಿ ಮಗುಚಿ ಒತ್ತಿದೆ. ಮೆತ್ತೆಯೊಳಗೆ ಏನೋ ಗಟ್ಟಿ ಸಿಕ್ಕಿತು. ಹೊಲಿಗೆ ಬಿಚ್ಚಿದರೆ ಅಂಗೈ ಅಗಲದ ಮೂರು ತಾಮ್ರದ ತಗಡು. ತಗಡಿನ ತುಂಬ ಮಂತ್ರ, ಮೂಲೆಗಳು ಮಾತ್ರ ಹರಿತ.

"ದೃಷ್ಟಿ ಆಗ್ಬಾರ್ದು ಅಂತ ಭಟ್ರು ಕೊಟ್ಟಿದ್ದು," ಎಂದರು ಭಾವ. "ಲಾಯದ ಬಾಗ್ಲಿಗೆ ಕಟ್ಟಿ ಅಂದಿದ್ರು. ಮೈಗೆ ಹತ್ರ ಇದ್ರೆ ಪವರ್ ಜಾಸ್ತಿ ಅಲ್ವಾ? ಸಾಗರದಲ್ಲಿ ಬೈಕ್ ಸೀಟ್ ಹೊಲಿಯೋನ ಹತ್ರ ಒಳಗೆ ಹಾಕಿಸ್ದೆ."

"ಮೂರು ಯಾಕೆ?"

"ಮೊದ್ಲು ಒಂದೇ. ಆಮೇಲೆ ನಾನು ಬಿದ್ದಾಗ ಒಂದು, ಅತಿಥಿ ಬಿದ್ದಾಗ ಒಂದು."

ಜನ ಬಿದ್ದಷ್ಟೂ ರಕ್ಷೆ ಹೆಚ್ಚಿತ್ತು, ರಕ್ಷೆ ಹೆಚ್ಚಿದಷ್ಟೂ ಕುದುರೆಗೆ ಚುಚ್ಚಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನು ಹತ್ತು ವರ್ಷ ಪ್ರತಿ ಹಬ್ಬದೂಟದಲ್ಲಿ ಈ ಮನುಷ್ಯನ ಮಾನ ಹರಾಜು ಹಾಕಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಅಕ್ಕ ಭಾವನ ಜೇಬಿನಿಂದ ನನ್ನ ಸರ್ಟಿಫಿಕೇಟ್ ಎಳೆದು ಗಟ್ಟಿಯಾಗಿ ಓದಿದಳು: "ಕೂಲಂಕಷವಾಗಿ ಪರೀಕ್ಷಿಸಲಾಗಿ, ಈ ಕುದುರೆಯು ಸ್ವಭಾವತಃ ಪುಂಡು ಎಂದು ದೃಢಪಟ್ಟಿದೆ."

ಭಟ್ಟರು ಬಾಗಿಲಿಗೆ ಕಟ್ಟಿ ಎಂದಿದ್ದರು. ಭಾವನಿಗೆ ಕುದುರೆಯ ವಿಷಯ ಏನೂ ಗೊತ್ತಿರಲಿಲ್ಲ. ಆ ಲಾರಿಯನ್ನು ಕರೆಸಿದ್ದು ನನ್ನ ಮೊಹರು, ಮತ್ತು ನಾನು ಕುದುರೆಯ ಬೆನ್ನು ಮುಟ್ಟಿದ್ದು ಆವತ್ತೇ ಮೊದಲು.