ಹಣೆಗೆ ಹಚ್ಚಿದ ಬಾವಂಚಿ ಎಣ್ಣೆ

ಆ ಬಿಳಿ ಚುಕ್ಕೆಯನ್ನು ನಾನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ. ಮುಖ ತೊಳೆದು, ಹಳೆಯ ಟಿಕಳಿ ಕಿತ್ತು ಹೊಸದನ್ನು ಅಂಟಿಸಿಕೊಳ್ಳಲು ಕನ್ನಡಿಯ ಮುಂದೆ ನಿಂತಿದ್ದೆ. ಹುಬ್ಬುಗಳ ನಡುವೆ ಅಕ್ಕಿಕಾಳಿನಷ್ಟು ಜಾಗ ಬೆಳ್ಳಗಾಗಿತ್ತು. ರೊಟ್ಟಿ ಹಿಟ್ಟು ತಾಗಿರಬೇಕು ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿದೆ. ಸುತ್ತಲಿನ ಚರ್ಮ ಕೆಂಪಾಯಿತು, ಅದು ಮಾತ್ರ ಹಾಗೆಯೇ ಇತ್ತು. ಕೈಯಲ್ಲಿದ್ದ ಟಿಕಳಿಯನ್ನು ಅದರ ಮೇಲೆ ಒತ್ತಿ ಅಂಟಿಸಿ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಕೈ ಹಣೆಗೇ ಹೋಗುತ್ತಿತ್ತು.

ಚಿಗಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಇಬ್ಬರಲ್ಲಿ ನಾನೊಬ್ಬಳು. ಇನ್ನೊಬ್ಬರು ನನಗಿಂತ ಹಿರಿಯರು, ಜೋಯಿಡಾ ಕಡೆಯಿಂದ ಮದುವೆಯಾಗಿ ಬಂದವರು. ಅವರನ್ನು ನಾನು ಅಕ್ಕಾ ಅಂತಲೇ ಕರೆಯುವುದು. ಅನ್ನ ನಾನು ಬಡಿಸುತ್ತೇನೆ, ಸಾರು ಅವರು. ಮಕ್ಕಳು ತಾಟು ಹಿಡಿದು ಸಾಲಾಗಿ ಬರುವಾಗ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಾರೆ. ಆ ದಿನ ಪ್ರತಿ ಮಗುವೂ ನನ್ನ ಹಣೆಯನ್ನೇ ನೋಡುತ್ತಿದೆ ಅನ್ನಿಸಿತು.

ನನ್ನ ಭಯಕ್ಕೆ ಕಾರಣವಿತ್ತು. ನಮ್ಮ ಕಾಕಾನಿಗೆ ತೊನ್ನು ಇತ್ತು. ಅದು ಅಂಟುರೋಗವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನು ಮುಟ್ಟಿದ ಲೋಟವನ್ನು ಮಂದಿ ಬೇರೆ ಇಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಅವನು ಬಡಿಸಲು ಎದ್ದರೆ ಯಾರೋ ಒಬ್ಬರು ಮೆಲ್ಲಗೆ ಅವನ ಕೈಯಿಂದ ಸೌಟು ತೆಗೆದುಕೊಳ್ಳುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದ ದಿನ, ಅವನು ತಾನಾಗಿಯೇ ಹೊಲಕ್ಕೆ ಹೋಗಿ ಸಂಜೆಯವರೆಗೆ ಅಲ್ಲಿಯೇ ಕುಳಿತಿದ್ದ. ಅವನು ಹೋದದ್ದಕ್ಕೆ ನನಗೆ ಒಳಗೊಳಗೆ ಸಮಾಧಾನವೇ ಆಗಿತ್ತು. ಇಷ್ಟು ವರ್ಷಗಳ ಮೇಲೆ ಆ ಸಮಾಧಾನ ನೆನಪಾಗಿ ಮೈ ತಣ್ಣಗಾಯಿತು. ಊರಿನವರು ನನ್ನ ಕೈಯಿಂದಲೂ ಸೌಟು ತೆಗೆದುಕೊಂಡರೆ? ಮಗಳು ಎಂಟನೆಯ ಇಯತ್ತೆಯಲ್ಲಿದ್ದಳು. ನಾಳೆ ಅವಳನ್ನು ನೋಡಲು ಬಂದವರ ಎದುರು ನಾನು ಯಾವ ಹೊಲಕ್ಕೆ ಹೋಗಿ ಕೂರಲಿ?

ಯಾರಿಗೂ ಹೇಳಲಿಲ್ಲ, ಗಂಡನಿಗೂ. ಅವರು ಟೆಂಪೋ ಓಡಿಸುತ್ತಾರೆ. ನಸುಕಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಮುಚ್ಚಿಡುವುದು ಕಷ್ಟವಾಗಲಿಲ್ಲ. ಮೊದಲು ಸಣ್ಣ ಟಿಕಳಿ ಸಾಕಾಗುತ್ತಿತ್ತು. ಎರಡು ತಿಂಗಳಲ್ಲಿ ಅಂಗಡಿಯಲ್ಲಿ ಸಿಗುವ ಎಲ್ಲಕ್ಕಿಂತ ದೊಡ್ಡದನ್ನು ಕೊಳ್ಳತೊಡಗಿದೆ. ಮುಖ ತೊಳೆಯುವಾಗಷ್ಟೇ ಅದನ್ನು ಕೀಳುತ್ತಿದ್ದೆ, ಒರೆಸಿ ಕೂಡಲೇ ಅಂಟಿಸುತ್ತಿದ್ದೆ. ಅದರ ಕೆಳಗೆ ಬಿಳುಪು ಬೆಳೆಯುತ್ತಲೇ ಇತ್ತು.

ತೊನ್ನಿಗೆ ಬಾವಂಚಿ ಎಣ್ಣೆ ಒಳ್ಳೆಯದು ಎಂದು ಮೊಬೈಲಿನಲ್ಲಿ ಯಾರೋ ಹೇಳುವುದನ್ನು ಕೇಳಿದೆ. ಹತ್ತಿರದ ಪೇಟೆ ಮುಂಡಗೋಡದಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಹಳಿಯಾಳದಲ್ಲಿ ನಾದಿನಿಯ ಮನೆಯಿದೆ. ಅವಳನ್ನು ನೋಡಿ ಬರುವ ನೆಪ ಮಾಡಿ ಹೋದೆ. ಪೇಟೆಯಲ್ಲಿ ನಾಟಿ ಔಷಧಿಯ ಸಾಮಾನು ಮಾರುವ ಒಂದು ಹಳೆಯ ಅಂಗಡಿ ಸಿಕ್ಕಿತು. ಅಂಗಡಿಯಾತ ವಯಸ್ಸಾದವರು. ಯಾರಿಗೆ ಎಂದು ಕೇಳಿದರು. ಪಕ್ಕದ ಮನೆಯವರಿಗೆ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೆರಳುದ್ದದ ಕಪ್ಪು ಸೀಸೆಯೊಂದನ್ನು ತೆಗೆದಿಟ್ಟರು.

“ಇದನ್ನ ಹಂಗ ಹಚ್ಚೂದಲ್ಲ ತಂಗಿ. ಭಾಳ ಖಡಕ್ ಐತಿ. ಮೊದಲ ಬ್ಯಾರೆ ಎಣ್ಣಿ ತಗೊಂಡು...”

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಒಳಗೆ ಬಂದಳು. ನಮ್ಮ ಊರಿನವಳ ಹಾಗೆ ಕಂಡಳು. ಆಗ ಸರಿಯಾಗಿ ನೋಡುವ ಧೈರ್ಯವೇ ಇರಲಿಲ್ಲ. ಹಣ ಇಟ್ಟು, ಸೀಸೆ ಚೀಲಕ್ಕೆ ಹಾಕಿಕೊಂಡು ಇಳಿದುಬಿಟ್ಟೆ. ಅವರು ಹಿಂದಿನಿಂದ ಏನೋ ಕರೆದು ಹೇಳಿದರು. ತಿರುಗಲಿಲ್ಲ.

ಎಣ್ಣೆ ಹಚ್ಚಿದರೆ ಟಿಕಳಿ ನಿಲ್ಲುವುದಿಲ್ಲ. ಹಾಗಾಗಿ ಶಾಲೆಗೆ ಮೂರು ದಿನ ಕೂಡಿ ರಜೆ ಬರುವವರೆಗೆ ಕಾದೆ. ತಲೆನೋವಿಗೆ ಔಷಧಿ ಎಂದು ಮನೆಯಲ್ಲಿ ಹೇಳಿ, ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು ಹಚ್ಚಿಕೊಂಡೆ. ದಪ್ಪ ಎಣ್ಣೆ, ಕಟು ವಾಸನೆ. ಬೇಗ ಹೋಗಲಿ ಎಂಬ ಆಸೆಗೆ ಬೆರಳು ತುಂಬ ತೆಗೆದುಕೊಂಡು ತಿಕ್ಕಿದೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಹಚ್ಚಿದ ಮೇಲೆ ಗೋವಿನಜೋಳದ ಹೊಲದಲ್ಲಿ ಕಳೆ ಕೀಳಲು ಹೋದೆ. ಮನೆಯಲ್ಲಿದ್ದಂತೆ ಅಲ್ಲೂ ಸೆರಗು ಹಣೆಯ ಮೇಲೆ ಎಳೆದುಕೊಂಡಿದ್ದೆ, ಬಗ್ಗಿದಾಗೆಲ್ಲ ಜಾರುತ್ತಿತ್ತು. ನೆತ್ತಿಯ ಮೇಲೆ ಬಿಸಿಲು. ಸಂಜೆ ಹಣೆ ಚುರುಗುಟ್ಟಿತು. ಔಷಧಿ ಕೆಲಸ ಮಾಡುತ್ತಿದೆ ಅಂದುಕೊಂಡು ಮರುದಿನ ಬೆಳಿಗ್ಗೆ ಮತ್ತೆ ಹಚ್ಚಿದೆ.

ಮಧ್ಯಾಹ್ನದ ಹೊತ್ತಿಗೆ ಮುಟ್ಟಲಾಗದಷ್ಟು ಉರಿ. ಮರುದಿನ ಎದ್ದಾಗ ಎಡಗಣ್ಣು ಪೂರ್ತಿ ತೆರೆಯಲಿಲ್ಲ. ಕನ್ನಡಿಯಲ್ಲಿ ಕಂಡ ಮುಖ ನನ್ನದಾಗಿರಲಿಲ್ಲ. ಹಣೆಯ ನಡುವೆ ನೀರು ತುಂಬಿದ ಬೊಬ್ಬೆ ಎದ್ದಿತ್ತು, ಎಣ್ಣೆ ಇಳಿದ ದಾರಿಯಲ್ಲಿ ಮೂಗಿನ ಬುಡದವರೆಗೆ ಸಣ್ಣವು. ಕಣ್ಣೇ ಹೋಗುತ್ತದೆ ಎಂದುಕೊಂಡೆ. ಗಂಡ ಆಗಲೇ ಗಾಡಿ ತೆಗೆದುಕೊಂಡು ಹೋಗಿಯಾಗಿತ್ತು. ಸೆರಗಿನಿಂದ ಮುಖ ಮುಚ್ಚಿಕೊಂಡು ಶಾಲೆಗೆ ಹೋದೆ. ಯಾಕೆ ಹೋದೆನೋ ಇವತ್ತಿಗೂ ಗೊತ್ತಿಲ್ಲ. ಅನ್ನಕ್ಕೆ ನೀರಿಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಅಡಿಗೆಕೋಣೆಯಲ್ಲಿ ಅಕ್ಕ ಬೇಳೆ ಆರಿಸುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ನಿಂತದ್ದನ್ನು ನೋಡಿ ಎದ್ದು ಬಂದು, ಕೇಳದೆಯೇ ಸೆರಗು ಸರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಅವರು ದೂರ ಸರಿಯುತ್ತಾರೆ ಎಂದು ಕಾಯುತ್ತಿದ್ದೆ.

“ಏನ ಹಚ್ಚಿಕೊಂಡಿ?” ಎಂದರು.

ಎಲ್ಲವನ್ನೂ ಹೇಳಿದೆ. ಟಿಕಳಿಯ ಕೆಳಗಿನ ಬಿಳುಪು, ಕಾಕಾ, ಹಳಿಯಾಳದ ಅಂಗಡಿ. ಅವರು ನನ್ನ ಕೈ ಹಿಡಿದುಕೊಂಡೇ ಕೇಳಿದರು. ಬಾವಂಚಿ ಅಂಥ ಖಾರದ ಎಣ್ಣೆಯನ್ನು ನಾಲ್ಕು ಹನಿ ಮಾತ್ರ ತೆಗೆದುಕೊಂಡು ಕೊಬ್ಬರಿ ಎಣ್ಣೆಯಂಥ ತಂಪಾದ ಇನ್ನೊಂದು ಎಣ್ಣೆಯಲ್ಲಿ ಬೆರೆಸಬೇಕು, ಬಿಸಿಲಿಗಂತೂ ಹೋಗಲೇಬಾರದು ಎಂದು ತಮ್ಮ ತವರಿನಲ್ಲಿ ಹೇಳುತ್ತಿದ್ದರಂತೆ. ಔಷಧಿಯನ್ನು ಚರ್ಮಕ್ಕೆ ಮುಟ್ಟಿಸುವುದು ಆ ತಂಪಾದ ಎಣ್ಣೆಯೇ. ಅಂಗಡಿಯ ಹಿರಿಯರು ಹೇಳಲು ಹೊರಟದ್ದೂ ಅದೇ ಇರಬೇಕು.

“ಈಗ ಯಾವ ಎಣ್ಣಿನೂ ಬ್ಯಾಡ. ದವಾಖಾನಿಗೆ ಹೋಗೂಣು, ನಡಿ.”

ಹೆಡ್‌ಮಾಸ್ತರರಿಗೆ ಏನು ಹೇಳಿದರೋ, ಆ ದಿನ ಅಡಿಗೆಗೆ ಬೇರೊಬ್ಬಳನ್ನು ಕರೆಸಿ ನನ್ನೊಂದಿಗೆ ಬಸ್ಸು ಹತ್ತಿದರು. ಮುಂಡಗೋಡಕ್ಕೆ ವಾರಕ್ಕೊಂದು ದಿನ ಬರುವ ಚರ್ಮದ ವೈದ್ಯೆಯೊಬ್ಬರಿದ್ದರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಅನ್ನುತ್ತಾರೆ; ನಮ್ಮ ಪುಣ್ಯಕ್ಕೆ ಅವರು ಬರುವ ದಿನ ಅದೇ ಆಗಿತ್ತು. ಅವರು ಮೊದಲು ಸುಟ್ಟ ಜಾಗ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಕಣ್ಣಿಗೇನೂ ಆಗಿಲ್ಲ ಎಂದರು. ಆಮೇಲೆ ಬಿಳುಪಿನ ಅಂಚು ಕಾಣುತ್ತಿದ್ದ ಕಡೆ ಬೆರಳಿಟ್ಟರು.

“ಕಣ್ಣ ಮುಚ್ರಿ. ಹತ್ತಿ ತಾಗಿದಾಗ ಹೂಂ ಅನ್ರಿ.”

ತೊನ್ನಿಗಿಂತ ದೊಡ್ಡದಾದ ಇನ್ನೊಂದು ರೋಗದ ಹೆಸರು ಥಟ್ಟನೆ ಮನಸ್ಸಿಗೆ ಬಂತು. ಮುಟ್ಟಿದರೆ ಗೊತ್ತಾಗದ ಚರ್ಮ ಕುಷ್ಠದ ಗುರುತು ಎಂದು ಶಾಲೆಯ ಗೋಡೆಯ ಮೇಲೆಯೇ ಬರೆದಿತ್ತು. ಕಣ್ಣು ಮುಚ್ಚಿ ಕುಳಿತೆ. ಏನೂ ತಾಗಲಿಲ್ಲ. ಅಕ್ಕನ ಕೈ ಹುಡುಕಿ ಹಿಡಿದುಕೊಂಡೆ. ಇನ್ನೂ ಏನೂ ತಾಗಲಿಲ್ಲ. ಮುಗಿಯಿತು ಅಂದುಕೊಂಡಾಗ ಹುಬ್ಬಿನ ಪಕ್ಕದಲ್ಲಿ ಇರುವೆ ನಡೆದ ಹಾಗಾಯಿತು. ಹೂಂ ಎಂದೆ. ಮತ್ತೊಮ್ಮೆ, ಬಿಳುಪಿನ ಮೇಲೆಯೇ. ಹೂಂ. ಅವರು ಆಗಷ್ಟೇ ಶುರು ಮಾಡಿದ್ದರು. ಅದುವರೆಗೆ ಹತ್ತಿಯನ್ನು ಎಳೆದು ಸಣ್ಣ ಎಳೆ ಮಾಡಿಕೊಳ್ಳುತ್ತಿದ್ದರಂತೆ. ನನಗೆ ಅಳು ತಡೆಯಲಾಗಲಿಲ್ಲ.

ಟಿಕಳಿಯನ್ನು ಎಷ್ಟು ವರ್ಷದಿಂದ ಅಂಟಿಸುತ್ತಿದ್ದೀರಿ ಎಂದು ಕೇಳಿದರು. ನಿಧಾನವಾಗಿ ತಿಳಿಸಿ ಹೇಳಿದರು: ಕೆಲವರ ಚರ್ಮಕ್ಕೆ ಅದರ ಅಂಟು ಆಗುವುದಿಲ್ಲ, ಅಂಟು ತಾಗಿದಷ್ಟು ಜಾಗ ಬಣ್ಣ ಕಳೆದುಕೊಳ್ಳುತ್ತದೆ. ಮೈಯಲ್ಲಿ ಬೇರೆಲ್ಲೂ ಚುಕ್ಕೆ ಇಲ್ಲದ್ದರಿಂದ ಇದು ತೊನ್ನಿಗಿಂತ ಅಂಟಿನದೇ ಕಾಣುತ್ತದೆ. ಟಿಕಳಿ ಬಿಟ್ಟರೆ ಬಣ್ಣ ಬರಬಹುದು, ಪೂರ್ತಿ ಬಾರದೆಯೂ ಇರಬಹುದು. ಗಾಯ ಮಾಯುವವರೆಗೆ ತಾವು ಕೊಟ್ಟ ಮುಲಾಮು ಮಾತ್ರ. ಆಮೇಲೆ ಚರ್ಮ ಒಣಗದಂತೆ ವಾಸನೆ ಬೆರೆಸದ ಒಂದೇ ಒಂದು ಸಾದಾ ಎಣ್ಣೆ, ಅದೂ ಮೊದಲು ಮೊಳಕೈ ಒಳಭಾಗದಲ್ಲಿ ಹಚ್ಚಿ ಎರಡು ದಿನ ನೋಡಿ.

ಆ ಸಂಜೆ ಗಂಡನಿಗೆ ಹೇಳಲೇಬೇಕಾಯಿತು. ಅವರು ದೀಪದ ಹತ್ತಿರ ಕರೆದು ಹಣೆ ನೋಡಿದರು. “ನನಗ್ಯಾಕ ಹೇಳಲಿಲ್ಲ?” ಎಂದು ಒಂದೇ ಮಾತು ಕೇಳಿದರು. ಬಿಟ್ಟುಹೋಗುತ್ತೀರಿ ಅಂತ ಹೆದರಿದ್ದೆ ಎಂದು ನನಗೆ ಹೇಳಲಾಗಲಿಲ್ಲ. ಅವರಿಗೆ ಅರ್ಥವಾಗಿರಬೇಕು, ಮತ್ತೆ ಕೇಳಲಿಲ್ಲ.

ಬೊಬ್ಬೆ ಒಣಗಿ ಸಿಪ್ಪೆ ಬಿದ್ದ ಜಾಗ ಕಪ್ಪಾಗಿ ಬಿಗಿಯಿತು. ನಕ್ಕರೆ ಎಳೆಯುತ್ತಿತ್ತು. ಎಣ್ಣೆ ಹಚ್ಚುವ ಕಾಲ ಬಂದಾಗ ನಾಳೆ ನೋಡೋಣ ಎಂದು ಮುಂದೂಡುತ್ತ ಹೋದೆ. ಹುಟ್ಟಿದಾಗಿನಿಂದ ತಲೆಗೆ ಹಾಕಿಕೊಂಡ ಕೊಬ್ಬರಿ ಎಣ್ಣೆಯನ್ನು ಮೊಳಕೈಗೆ ಒಂದು ಹನಿ ಹಚ್ಚಿ, ಎರಡು ದಿನ ಗಳಿಗೆಗೊಮ್ಮೆ ನೋಡಿಕೊಂಡೆ. ಏನೂ ಆಗಲಿಲ್ಲ. ಹಣೆಗೆ ಹಚ್ಚಿದ ವಾರದಲ್ಲಿ ಮಾತ್ರ ಸಣ್ಣ ಗುಳ್ಳೆಗಳೆದ್ದವು. ಮತ್ತೆ ಮುಂಡಗೋಡಕ್ಕೆ ಓಡಿದೆ. ಡಾಕ್ಟರ್ ಬಾಯಿ ನೋಡಿ, ಇದು ಸುಟ್ಟದ್ದಲ್ಲ, ಕೆಲವರ ಮುಖಕ್ಕೆ ಕೊಬ್ಬರಿ ಎಣ್ಣೆ ಜಿಡ್ಡಾಗುತ್ತದೆ, ಬೇರೆ ನೋಡಿ ಎಂದರು. ಔಡಲೆಣ್ಣೆ ಅಂಟಂಟಾಗಿ ಧೂಳು ಹಿಡಿಯಿತು. ಮನೆಯಲ್ಲಿ ಒಗ್ಗರಣೆಗೆ ತಂದ ಕುಸುಬಿ ಎಣ್ಣೆ ಹಗುರಾಗಿತ್ತು, ಆದರೆ ಮಧ್ಯಾಹ್ನದೊಳಗೆ ಚರ್ಮ ಮತ್ತೆ ಬಿಗಿಯುತ್ತಿತ್ತು.

ಅಕ್ಕ ತವರಿಗೆ ಹೋದವರು ಮುರುಗಲ ತುಪ್ಪದ ಒಂದು ಉಂಡೆ ತಂದರು. ಮುರುಗಲ ಹಣ್ಣಿನ ಬೀಜ ಕುದಿಸಿ ತೆಗೆಯುವ ಗಟ್ಟಿ ಎಣ್ಣೆ ಅದು, ಚಳಿಯಲ್ಲಿ ಒಡೆದ ಹಿಮ್ಮಡಿಗೆ ಅವರ ಕಡೆ ಹಚ್ಚುತ್ತಾರೆ. ಉಗುರಿನಷ್ಟು ಕೆರೆದು, ಕುಸುಬಿ ಎಣ್ಣೆಯಲ್ಲಿ ಕರಗಿಸಿ, ಮೊದಲು ತಮ್ಮ ಕೈಗೆ ಹಚ್ಚಿಕೊಂಡರು.

“ನೋಡು, ನಂಗೇನೂ ಆಗಿಲ್ಲ. ಆದ್ರೂ ನೀ ಎರಡ ದಿನ ನೋಡೇ ಹಚ್ಚು.”

ನಾನು ನಾಲ್ಕು ದಿನ ನೋಡಿದೆ. ಮೊಳಕೈ ಹಾಗೆಯೇ ಇತ್ತು. ಐದನೆಯ ದಿನ ಮುಖ ತೊಳೆದು, ಪೂರ್ತಿ ಒಣಗುವ ಮೊದಲು, ಒಂದೇ ಹನಿಯನ್ನು ಬೆರಳ ತುದಿಯಿಂದ ಹಣೆಗೆ ಒತ್ತಿದೆ. ತಿಕ್ಕಲಿಲ್ಲ. ಹೊತ್ತು ಏರಿದರೂ ಉರಿ ಬರಲಿಲ್ಲ. ಆ ದಿನ ಮಕ್ಕಳಿಗೆ ಬಡಿಸುವಾಗ ಬರಿಹಣೆಯಲ್ಲಿದ್ದೆ. ಒಬ್ಬ ಹುಡುಗಿ ತಾಟು ಹಿಡಿದು, ಹಣೆಗೆ ಏನಾಗಿದೆ ಎಂದು ಕೇಳಿದಳು. ಸುಟ್ಟಿದೆ ಎಂದೆ. ಇನ್ನೊಂದು ಸೌಟು ಅನ್ನ ಬೇಕು ಎಂದಳು.

ಬಣ್ಣ ಬರಲು ಒಂದು ವರ್ಷ ಬೇಕಾಯಿತು. ಎಡ ಹುಬ್ಬಿನ ಬದಿಗೆ ಎಳ್ಳಿನಷ್ಟು ಇನ್ನೂ ಉಳಿದಿದೆ. ಊರಲ್ಲಿ ಒಬ್ಬಿಬ್ಬರು ಮಾತಾಡಿಕೊಂಡರು ಎಂದು ಕೇಳಿದೆ. ಸೌಟು ಯಾರೂ ತೆಗೆದುಕೊಳ್ಳಲಿಲ್ಲ. ಹೆದರಿಕೆ ಮಾತ್ರ ಪೂರ್ತಿ ಹೋಗಿಲ್ಲ. ಹೋದ ಮಳೆಗಾಲದಲ್ಲಿ ಮೊಣಕಾಲ ಕೆಳಗೆ ಬೆಳ್ಳನೆಯ ಒಂದು ಮಚ್ಚೆ ಕಂಡಿತು. ಗಂಡ ಅಂಗಳದಲ್ಲಿ ಟೆಂಪೋ ತೊಳೆಯುತ್ತಿದ್ದರು. ಸೀರೆ ಎತ್ತಿ ಹಿಡಿದುಕೊಂಡು ಹೋಗಿ ತೋರಿಸಿದೆ. ಅವರು ಒದ್ದೆ ಕೈಯಿಂದ ಒರೆಸಿ, ಬಗ್ಗಿ ನೋಡಿದರು.

“ಒಣಾ ಚರ್ಮ ಕಾಣತೈತಿ. ಇರಲಿ, ಮುಂಡಗೋಡಕ್ಕ ಹೋಗಿ ತೋರಿಸೂಣು.”

ಒಣ ಚರ್ಮವೇ ಆಗಿತ್ತು.