ಗುರುವಾರ ಬಂದವನು

ಪ್ರೇತ, ಪಿಶಾಚಿ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ದೇರೆಬೈಲಿನಲ್ಲಿದ್ದ ನನ್ನ ಚಿಕ್ಕಪ್ಪ ಹೇಳುತ್ತಿದ್ದ ಕಥೆಗಳನ್ನೆಲ್ಲ ಹೊಟ್ಟೆ ತುಂಬಿದವರ ಹರಟೆ ಎಂದು ತಳ್ಳಿಹಾಕಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆ ಅದು. ನಾನು ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಮಣ್ಣಗುಡ್ಡದಲ್ಲಿ ಒಂದು ಬಾಡಿಗೆ ಕೋಣೆ. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಆದಿತ್ಯವಾರ ಚರ್ಚಿನಿಂದ ಬಂದ ಮೇಲೆ ಮಾತ್ರ ಮಾತನಾಡಲು ಒಂದು ಜೀವವೂ ಇರುತ್ತಿರಲಿಲ್ಲ. ನಮ್ಮ ಚರ್ಚಿನ ಕೆಲವರು ಆ ಸಂಜೆಗಳಲ್ಲಿ ಬಂದರಿನ ಅಂಗಡಿ ಜಗಲಿಗಳಲ್ಲಿ ಮಲಗುವ ನಿರ್ಗತಿಕರಿಗೆ ಗಂಜಿ ಕೊಂಡೊಯ್ಯುತ್ತಿದ್ದರು. ನಾನೂ ಸೇರಿಕೊಂಡೆ. ಬಡವರ ಮೇಲಿನ ಪ್ರೀತಿಯಿಂದಲ್ಲ, ಸಂಜೆ ಕಳೆಯಲಿಕ್ಕೆ. ಸುಳ್ಳು ಯಾಕೆ ಹೇಳಲಿ?

ಈ ಕೆಲಸದ ಮುಂದಾಳು ಎಮಿಲಿ ಬಾಯಿ, ನಿವೃತ್ತ ಟೀಚರು. ಅವರದು ಒಂದೇ ಕಟ್ಟುನಿಟ್ಟು. ಗಂಜಿ ಬಡಿಸಿ ದೂರ ನಿಲ್ಲುವಂತಿಲ್ಲ. ನಾವು ಒಬ್ಬೊಬ್ಬರೂ ಅವರಲ್ಲಿ ಒಬ್ಬರ ಪಕ್ಕ ಕುಳಿತು ಅದೇ ಗಂಜಿ ಉಣ್ಣಬೇಕು. “ನಿಂತು ಕೊಟ್ಟರೆ ಭಿಕ್ಷೆ, ಕೂತು ಉಂಡರೆ ಊಟ” ಎನ್ನುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಅಪ್ಪಿ ಎಂಬ ಕುರುಡು ಅಜ್ಜಿ. ಹಸನಬ್ಬ ಎಂಬವರ ಹಗ್ಗದ ಅಂಗಡಿಯ ಜಗಲಿಯೇ ಅವಳ ಮನೆ. ಅವಳ ಮೈಯ ವಾಸನೆ, ಚರಂಡಿಯ ವಾಸನೆ, ಒಣಮೀನಿನ ವಾಸನೆ ಎಲ್ಲ ಸೇರಿ ನನಗೆ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಜ್ಜಿಗೆ ಹೇಗೂ ಕಣ್ಣು ಕಾಣುವುದಿಲ್ಲವಲ್ಲ! ಚಮಚದಿಂದ ಬಟ್ಟಲು ಕೆರೆದು ಸದ್ದು ಮಾಡುತ್ತಾ ಕೂರುತ್ತಿದ್ದೆ. ಆಮೇಲೆ ನನ್ನ ಪಾಲನ್ನು ಬೀದಿನಾಯಿಗೆ ಸುರಿಯುತ್ತಿದ್ದೆ. ಒಂದು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು.

ಒಂದು ಆದಿತ್ಯವಾರ ಅಜ್ಜಿಗೆ ಜೋರು ಜ್ವರ. ಎಷ್ಟು ಹೇಳಿದರೂ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಎಮಿಲಿ ಬಾಯಿ ಡಾಕ್ಟರರನ್ನು ಕೇಳಿ ಎಂಟು ದಿನದ ಮಾತ್ರೆ ತಂದು, ನಾಲ್ಕು ದಿನದ್ದನ್ನು ಅಜ್ಜಿಗೆ ಕೊಟ್ಟರು. ಎಲ್ಲ ಒಟ್ಟಿಗೆ ಕೊಟ್ಟರೆ ಎಲ್ಲಾದರೂ ಬಿದ್ದುಹೋದೀತೆಂದು ಉಳಿದ ಪೊಟ್ಟಣವನ್ನು ನನ್ನ ಕೈಗಿಟ್ಟು, “ಗುರುವಾರ ನೀನೇ ಕೊಟ್ಟು, ಜ್ವರ ನೋಡ್ಕೊಂಡು ಬಾ” ಎಂದರು. ಗುರುವಾರ ಖಂಡಿತ ಬರುತ್ತೇನೆಂದು ನಾನು ಅಜ್ಜಿಯ ಕೈ ಹಿಡಿದು ಮಾತು ಕೊಟ್ಟೆ.

ಗುರುವಾರ ಹೋಗಲಿಲ್ಲ. ಮಳೆ ಎಂದಾದರೂ ಹೇಳಬಹುದಿತ್ತು, ಮಳೆಯೂ ಇರಲಿಲ್ಲ. ಕೆಲಸ ಮುಗಿಸಿ ಬಂದು, ಲುಂಗಿ ಉಟ್ಟು, ಐದು ನಿಮಿಷ ಎಂದು ಚಾಪೆಯ ಮೇಲೆ ಅಡ್ಡಾದವನಿಗೆ ಮತ್ತೆ ಏಳಲು ಮನಸ್ಸಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನತಿ ಬಾಗಿಲಲ್ಲಿ ನಿಂತು, “ಎಂತ, ಹುಷಾರಿಲ್ವಾ?” ಎಂದು ಕೇಳಿದರು. “ಎಂತ ಇಲ್ಲ ಅಕ್ಕ” ಎಂದೆ. ನಿದ್ದೆ ಬಂದಿರಲಿಲ್ಲ, ಇದು ಚೆನ್ನಾಗಿ ನೆನಪಿದೆ. ಆ ಸಂಜೆ ಕೋಣೆ ಎಂದಿಗಿಂತ ಹೆಚ್ಚು ಖಾಲಿ ಅನ್ನಿಸಿತು, ನಾನೂ ಅದರೊಳಗೆ ಇಲ್ಲವೇನೋ ಎಂಬಷ್ಟು.

ಮುಂದಿನ ಆದಿತ್ಯವಾರ ಹೆದರಿಕೊಂಡೇ ಬಂದರಿಗೆ ಹೋದೆ. ಅಜ್ಜಿ ಬದುಕಿದ್ದಾಳೋ ಇಲ್ಲವೋ! ಅಂಗಡಿಗೆ ಹಲಗೆ ಹಾಕುತ್ತಿದ್ದ ಹಸನಬ್ಬ ನನ್ನನ್ನು ಕಂಡು, “ಎಂತ ಮಾರಾಯ್ರೆ, ನನ್ನ ಚೊಂಬು ಎಲ್ಲಿಟ್ರಿ?” ಎಂದರು.

“ಯಾವ ಚೊಂಬು?”

“ಗುರುವಾರ ಅಜ್ಜಿಗೆ ನೀರು ಬೇಕು ಅಂತ ತಕೊಂಡ್ರಲ್ಲ? ನಾನೇ ನಿಮ್ಮ ಕೈಗೆ ಕೊಟ್ಟದ್ದು. ನಾನು ಸಂಜೆಯ ನಮಾಜಿಗೆ ಹೋಗಿ ಬಂದಾಗ್ಲೂ ಅಲ್ಲೇ ಕೂತಿದ್ರಿ. ಅಜ್ಜಿ ಜೊತೆ ಗಂಜಿ ಉಣ್ತಾ ಇದ್ರಿ.”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಜಗಲಿಯಲ್ಲಿ ಅಜ್ಜಿ ಎದ್ದು ಕುಳಿತಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು. ಚೊಂಬು ಅವಳ ಬಟ್ಟೆಗಂಟಿನ ಮರೆಯಲ್ಲಿತ್ತು. ಮಾತ್ರೆಯ ಪೊಟ್ಟಣ ಮಾತ್ರ, ಬಿಚ್ಚದೆ, ನನ್ನ ಜೇಬಿನಲ್ಲೇ ಇತ್ತು.

ಗುರುವಾರ ನಾನು ಬರಲೇ ಇಲ್ಲ ಎಂದು ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯೇ ಮಾತನಾಡಿದಳು. ಅವಳದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. “ಆದಿತ್ಯವಾರ ನೀನು ಬರೀ ಚಮಚದ ಸದ್ದು ಮಾಡ್ತೀಯ ಮಗಾ. ಗುರುವಾರ ನಿಜವಾಗಿ ಉಂಡೆ. ನುಂಗಿದ್ದು ನನಗೆ ಕೇಳಿತು.”

ವರ್ಷದಿಂದ ಅವಳಿಗೆ ಎಲ್ಲ ಗೊತ್ತಿತ್ತು, ಒಂದು ದಿನವೂ ಆಡಿ ತೋರಿಸಿರಲಿಲ್ಲ. ಅವಳ ಮುಖದಲ್ಲಿದ್ದ ಸಂತೋಷ ನೋಡಿ ಸತ್ಯ ಹೇಳಲು ನಾಲಿಗೆ ಏಳಲಿಲ್ಲ. ಅಂದಿನಿಂದ ನಾನು ನಿಜವಾಗಿಯೇ ಉಣ್ಣತೊಡಗಿದೆ.

ಎಮಿಲಿ ಬಾಯಿಗೆ ಮಾತ್ರ ಹೇಳಿದೆ. ಅವರು, “ಹೋದದ್ದು ಯಾರು ಅಂತ ಕೇಳ್ಬೇಡ. ನೀನು ಯಾಕೆ ಹೋಗ್ಲಿಲ್ಲ, ಅದನ್ನು ಕೇಳ್ಕೋ” ಎಂದರು. ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಉತ್ತರ ಇಲ್ಲದಿದ್ದರೆ ಸಿಟ್ಟು ಬೇಗ ಬರುತ್ತದೆ.

ಮೂರು ವರ್ಷ ಕಳೆದು ಅಜ್ಜಿ ಸರಕಾರಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಳು. ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿ ಅವಳ ಕೈ ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿ ಕೇಳಿದಳು: “ನೀನು ಆದಿತ್ಯವಾರದವನಾ, ಗುರುವಾರದವನಾ?”

ಹಾಗಾದರೆ ಇಬ್ಬರೆಂದು ಅವಳಿಗೆ ಗೊತ್ತಿತ್ತೇ? ಸಾಯುವವಳ ಹತ್ತಿರ ಇನ್ನು ಸುಳ್ಳು ಬೇಡ ಎನಿಸಿತು. “ಆದಿತ್ಯವಾರದವ, ಅಜ್ಜಿ. ಗುರುವಾರ ನಾನು ಬರ್ಲಿಲ್ಲ” ಎಂದೆ.

“ಇರಲಿ. ಅವ ಆ ಕಡೆ ಇದ್ದಾನೆ. ನೀನು ಈ ಕಡೆ ಕೂತ್ಕೋ.”

ಮಂಚದ ಆ ಬದಿಯಲ್ಲಿ ಯಾರೂ ಇರಲಿಲ್ಲ. ಅವಳ ಇನ್ನೊಂದು ಕೈ ಮಾತ್ರ ಯಾರದೋ ಕೈ ಹಿಡಿದ ಹಾಗೆ ಮಡಚಿಕೊಂಡಿತ್ತು. ನಾನು ಅವಳು ಹೇಳಿದ ಕಡೆ ಕುಳಿತೆ. ಸಂಜೆಯಾಗುವ ಮೊದಲೇ ಅವಳ ಜೀವ ಹೋಯಿತು.

ಹಸನಬ್ಬ ಸುಳ್ಳು ಹೇಳುವವರಲ್ಲ. ಯಜಮಾನತಿ ನನ್ನನ್ನು ಕೋಣೆಯಲ್ಲಿ ಕಂಡದ್ದೂ ಸುಳ್ಳಲ್ಲ. ಇವೆರಡನ್ನು ಹೊಂದಿಸಲು ನನಗೆ ಇಂದಿಗೂ ಬರುವುದಿಲ್ಲ. ಈಗ ನಾನೇ ಅಜ್ಜಿಯ ವಯಸ್ಸಿಗೆ ಬಂದಿದ್ದೇನೆ. ಆಗಾಗ ಜ್ವರ ಬರುತ್ತದೆ, ಹೇಳಿಕೊಳ್ಳಲು ಯಾರೂ ಇಲ್ಲ. ಅಂಥ ಸಂಜೆ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ಬಂದಿಲ್ಲ.